ಚಿತ್ರದ ಅಳಿಲಿಗೆ ನಿಜವಾದ ಕಡಲೆಕಾಯಿ: ಮನೆಯಲ್ಲೇ ಒಂದು ಶಾಟ್ ಮಾಡುವ ಬಗೆ

ನಮ್ಮ ಹಳೆ ಮನೆಯ ಜಗಲಿ. ರೆಡ್ ಆಕ್ಸೈಡ್ ನೆಲ. ಅಕ್ಕನ ಮಗಳು ಚಿನ್ನಿ ಕಾಲು ಮಡಚಿ ಕೂತು ಒಂದು ಕಡಲೆಕಾಯಿ ಚಾಚುತ್ತಾಳೆ. ಕಂಬದ ಹಿಂದಿನಿಂದ ಅಳಿಲೊಂದು ಇಣುಕುತ್ತದೆ. ಓಡಿ ಬಂದು ಕಾಯಿ ಕಿತ್ತುಕೊಳ್ಳುತ್ತದೆ, ಸರಸರ ಕಂಬ ಹತ್ತಿ ಮಾಯ. ಒಟ್ಟು 8 ಸೆಕೆಂಡ್. ಜಗಲಿ ನಿಜ, ಚಿನ್ನಿ ನಿಜ, ಕಡಲೆಕಾಯಿ ಅರ್ಧ ದಾರಿಯವರೆಗೆ ನಿಜ. ಅಳಿಲು ಮಾತ್ರ ನಾನು ಬಿಡಿಸಿದ್ದು.

ಕಳೆದ ಬೇಸಿಗೆ ರಜೆಯಲ್ಲಿ ಇದನ್ನು ಮಾಡಿದೆವು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮನುಷ್ಯರೂ ಕಾರ್ಟೂನೂ ಒಂದೇ ದೃಶ್ಯದಲ್ಲಿ ಬರುವ ಹಳೆ ಚಿತ್ರಗಳೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಅವುಗಳನ್ನು ಮತ್ತೆ ಮತ್ತೆ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಫೋನು, ಒಂದು ಸಾಧಾರಣ ಲ್ಯಾಪ್‌ಟಾಪು, ಚಿತ್ರ ಬಿಡಿಸುವ ಸಣ್ಣ ಪೆನ್ ಟ್ಯಾಬ್ಲೆಟ್ಟು ಇದ್ದರೆ ಸಾಕು. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಮೊದಲೇ ಒಂದು ಮಾತು. ಇಂಥ ಶಾಟ್ ಕೆಟ್ಟರೆ ನಾವೆಲ್ಲ ಚಿತ್ರವನ್ನು ತಿದ್ದಲು ಕೂರುತ್ತೇವೆ. ಕೆಟ್ಟಿರುವುದು ಸಾಮಾನ್ಯವಾಗಿ ಚಿತ್ರ ಅಲ್ಲ. ನೋಡುವವರು ಅಳಿಲನ್ನು ನಂಬುವುದು ಅಳಿಲು ಚೆನ್ನಾಗಿದೆ ಅಂತಲ್ಲ. ಚಿನ್ನಿಯ ಕಣ್ಣು, ಅವಳ ಬೆರಳು, ನೆಲದ ಮೇಲಿನ ನೆರಳು ಎಲ್ಲ ಸೇರಿ ಅಲ್ಲಿ ಏನೋ ಇದೆ ಅಂತ ಹೇಳುವುದರಿಂದ. ಹಾಗಾಗಿ ಚಿತ್ರ ಬಿಡಿಸುವುದು ಕೊನೆಯ ಕೆಲಸ. ಅದಕ್ಕಿಂತ ಮುಂಚಿನದೇ ದೊಡ್ಡ ಕೆಲಸ.

ಕೈ ಹಾಕುವ ಮುಂಚೆ ನೋಡಬೇಕಾದ್ದು

ಒಂದು ವಾರ ಬರೀ ನೋಡಿ. ಸದ್ದು ಬಂದ್ ಮಾಡಿ ನೋಡಿ, ಆಗ ಕಥೆ ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ.

ಶುರು ಮಾಡಬೇಕಾದ್ದು ಗರ್ಟಿ ಎಂಬ ಡೈನೋಸಾರ್‌ನಿಂದ. 1914ರಲ್ಲಿ ಅಮೆರಿಕದ ಕಾರ್ಟೂನ್ ಕಲಾವಿದ ವಿನ್ಸರ್ ಮೆಕೇ ಷಿಕಾಗೋದ ರಂಗಮಂದಿರದಲ್ಲಿ ಪರದೆಯ ಪಕ್ಕ ನಿಂತು, ಪರದೆ ಮೇಲಿದ್ದ ಗರ್ಟಿಗೆ ಸರ್ಕಸ್ಸಿನವರ ಹಾಗೆ ಅಪ್ಪಣೆ ಕೊಡುತ್ತಿದ್ದರು. ಒಂದು ಹಂತದಲ್ಲಿ ಅದಕ್ಕೆ ಸೇಬು ಎಸೆಯುತ್ತಾರೆ. ಅದು ರಟ್ಟಿನ ಸೇಬು. ಎಸೆಯುವ ಹಾಗೆ ಮಾಡಿ, ಜನರ ಕಡೆ ಬೆನ್ನು ತಿರುಗಿಸಿ, ಸೇಬನ್ನು ಮೆಲ್ಲಗೆ ಜೇಬಿಗೆ ಸೇರಿಸುತ್ತಾರೆ. ಅದೇ ಕ್ಷಣಕ್ಕೆ ಪರದೆಯಲ್ಲಿ ಬಿಡಿಸಿದ ಸೇಬು ಕಾಣಿಸಿಕೊಂಡು ಗರ್ಟಿಯ ಬಾಯಿ ಸೇರುತ್ತದೆ. ಕೊನೆಗೆ ಮೆಕೇ ಪರದೆಯ ಹಿಂದಕ್ಕೆ ನಡೆದುಹೋಗುತ್ತಾರೆ, ಚಿತ್ರದ ಮೆಕೇ ಗರ್ಟಿಯ ಬೆನ್ನೇರಿ ಹೊರಡುತ್ತಾನೆ. ನೂರು ವರ್ಷದ ಮೇಲಾಯಿತು. ಆದರೂ ಕೊಡು-ತಗೊಳ್ಳುವ ಈ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನಮ್ಮ ಕಡಲೆಕಾಯಿಯೂ ಇದೇ ದಾರಿಯಲ್ಲಿ ಹೋಯಿತು, ಮುಂದೆ ಹೇಳುತ್ತೇನೆ.

ಆಮೇಲೆ ಮ್ಯಾಕ್ಸ್ ಫ್ಲೈಷರ್ ಅವರ ಕೋಕೋ ಎಂಬ ಕೋಡಂಗಿ. ಶಾಯಿ ಕುಡಿಕೆಯಿಂದ ಎದ್ದು ಬಂದು ಬಿಡಿಸಿದವನ ಮೇಜಿನ ಮೇಲೆಲ್ಲ ಕುಣಿಯುತ್ತಾನೆ. ಅಂದರೆ ಚಿತ್ರ ನಮ್ಮ ಲೋಕಕ್ಕೆ ಬರುತ್ತದೆ. ವಾಲ್ಟ್ ಡಿಸ್ನಿ 1923ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಇದನ್ನು ತಿರುಗಿಸಿ ಹಾಕಿದರು. ವರ್ಜೀನಿಯಾ ಡೇವಿಸ್ ಎಂಬ 4 ವರ್ಷದ ಹುಡುಗಿಯನ್ನು ಕಾರ್ಟೂನ್ ಲೋಕದೊಳಗೆ ಕಳಿಸಿದರು. ಅದೇ ಮುಂದೆ ಆಲಿಸ್ ಸರಣಿ ಆಯಿತು. ಈ ಎರಡು ದಾರಿಗಳಲ್ಲಿ ಒಂದನ್ನು ನೀವು ಆರಿಸಿಕೊಳ್ಳಬೇಕು. ಮನೆಯಲ್ಲಿ ಮಾಡುವವರಿಗೆ ಕೋಕೋ ದಾರಿಯೇ ಸುಲಭ. ಹಿನ್ನೆಲೆ ಪೂರ್ತಿ ಕ್ಯಾಮೆರಾ ಕೊಡುತ್ತದೆ, ನೀವು ಒಂದು ಪ್ರಾಣಿ ಬಿಡಿಸಿದರೆ ಮುಗಿಯಿತು. ಆಲಿಸ್ ದಾರಿಯಲ್ಲಿ ಮನುಷ್ಯರನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೆಗೆಯಬೇಕು, ಅದು ದೊಡ್ಡ ತಲೆನೋವು. 1964ರ ಮೇರಿ ಪಾಪಿನ್ಸ್ ಚಿತ್ರದಲ್ಲಿ ಅದಕ್ಕಾಗಿ ನಟರ ಹಿಂದಿನ ಪರದೆಗೆ ಸೋಡಿಯಂ ದೀಪ ಹಾಕಿದ್ದರು. ನಮ್ಮೂರ ಬೀದಿಗಳಲ್ಲಿ ಎಲ್‌ಇಡಿ ಬರುವ ಮುಂಚೆ ಹಳದಿ ದೀಪ ಇರುತ್ತಿತ್ತಲ್ಲ, ಅದರಲ್ಲಿರುವುದೂ ಸೋಡಿಯಂ ಬೆಳಕೇ. ಕ್ಯಾಮೆರಾದೊಳಗಿನ ವಿಶೇಷ ಪ್ರಿಸಂ ಆ ಒಂದೇ ಹಳದಿಯನ್ನು ಬೇರ್ಪಡಿಸಿ ಬೇರೆ ಫಿಲ್ಮಿಗೆ ಕಳಿಸುತ್ತಿತ್ತು, ಅದರಿಂದ ನಟರ ಆಕಾರ ಹಿನ್ನೆಲೆಯಿಂದ ಬೇರೆಯಾಗುತ್ತಿತ್ತು. ಟೋಪಿಯ ತೆಳು ಬಲೆಯಂಥದ್ದು ಕೂಡ ಅಂಚು ಕೆಡದೆ ಉಳಿಯುತ್ತಿತ್ತು. ಇದನ್ನು ಮಾಡಿದ ಪೆಟ್ರೋ ವ್ಲಾಹೋಸ್, ಅಬ್ ಐವರ್ಕ್ಸ್ ಮತ್ತು ವಾಡ್ಸ್‌ವರ್ತ್ ಪೋಲ್ ಅವರಿಗೆ ಆಸ್ಕರ್ ಬಂತು. ನಮಗೆ ಅದೆಲ್ಲ ಬೇಡ.

ಕೊನೆಯದಾಗಿ 1988ರ ಹೂ ಫ್ರೇಮ್ಡ್ ರೋಜರ್ ರಾಬಿಟ್. ಇದರಲ್ಲಿ ಒಂದೇ ಒಂದು ದೃಶ್ಯ ಹಿಡಿದು ಕೂರಿ. ಪತ್ತೇದಾರ ಎಡ್ಡಿಗೂ ರೋಜರ್ ಎಂಬ ಕಾರ್ಟೂನ್ ಮೊಲಕ್ಕೂ ಒಂದೇ ಕೈಕೋಳ ಬಿದ್ದಿದೆ. ಬಾರಿನ ಹಿಂದಿನ ಕೋಣೆಯಲ್ಲಿ ಅದನ್ನು ಗರಗಸದಿಂದ ಕೊಯ್ಯುತ್ತಿದ್ದಾನೆ. ಎಡ್ಡಿಯ ತಲೆ ನೇತಾಡುವ ದೀಪಕ್ಕೆ ತಗಲುತ್ತದೆ, ದೀಪ ತೂಗಾಡುತ್ತದೆ, ಕೋಣೆಯ ನೆರಳೆಲ್ಲ ಆಚೀಚೆ ಓಡಾಡುತ್ತದೆ. ಮೊಲದ ಮೈ ಮೇಲಿನ ನೆರಳೂ ಅದರ ಜೊತೆಗೇ ಓಡಾಡುತ್ತದೆ! ಆ ನೆರಳನ್ನು ಪ್ರತಿ ಫ್ರೇಮಿಗೂ, ಅಂದರೆ ಸಿನಿಮಾದ ಒಂದೊಂದು ಬಿಡಿ ಚಿತ್ರಕ್ಕೂ, ಕೈಯಲ್ಲಿ ಬಿಡಿಸಿದ್ದಾರೆ. ದೀಪ ಅಲ್ಲಾಡದಿದ್ದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಆದರೂ ಮಾಡಿದರು. ಆನಿಮೇಷನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್ ಅವರಿಗೆ ಸಿಕ್ಕ ವಿಶೇಷ ಆಸ್ಕರ್ ಇಂಥ ಕೆಲಸಕ್ಕೇ ಸಂದದ್ದು ಅಂತ ನಾನು ಅಂದುಕೊಂಡಿದ್ದೇನೆ.

ಒಂದು ಸಣ್ಣ ದೃಶ್ಯ ಯೋಚಿಸಿ

ಕಥೆ ಬೇಡ. ಒಂದು ಕೊಡು-ತಗೊಳ್ಳುವ ಕ್ಷಣ ಸಾಕು. ಬೆಕ್ಕು ಚಾಪೆಯ ತುದಿ ಎಳೆಯುವುದು, ಕಾಗೆ ಚಕ್ಕುಲಿ ಹಾರಿಸಿಕೊಂಡು ಹೋಗುವುದು, ಹೀಗೆ. ಮುಟ್ಟುವುದು ಇರಲೇಬೇಕು. ಚಿತ್ರ ಒಂದು ಕಡೆ, ಮನುಷ್ಯರು ಒಂದು ಕಡೆ ಸುಮ್ನೆ ನಿಂತಿದ್ದರೆ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತದೆ.

ಲೆಕ್ಕ ಹೀಗೆ. ಸೆಕೆಂಡಿಗೆ 24 ಫ್ರೇಮ್. 8 ಸೆಕೆಂಡಿಗೆ 192. ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ನಿಲ್ಲಿಸಿದರೆ 96 ಚಿತ್ರ. ನಾನು ಸಂಜೆಗೆ 8ರಂತೆ ಬಿಡಿಸಿದೆ, 12 ಸಂಜೆ ಹಿಡಿಯಿತು. ನಿಮ್ಮ ಫೋನಿನಲ್ಲಿ 30 ಫ್ರೇಮ್ ಮಾತ್ರ ಇದ್ದರೆ ಒಂದು ಚಿತ್ರವನ್ನು ಮೂರು ಫ್ರೇಮಿಗೆ ನಿಲ್ಲಿಸಿ. ಸೆಕೆಂಡಿಗೆ 10 ಚಿತ್ರ ಆಗುತ್ತದೆ, ಪರವಾಗಿಲ್ಲ.

ಆದರೆ ಇದು ನಡೆಯುವುದು ಕ್ಯಾಮೆರಾ ಅಲ್ಲಾಡದಿದ್ದಾಗ ಮಾತ್ರ. ಕ್ಯಾಮೆರಾ ತಿರುಗುತ್ತಿದ್ದರೆ ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತದೆ, ನಿಮ್ಮ ಅಳಿಲು ಎರಡು ಫ್ರೇಮಿಗೊಮ್ಮೆ ಸರಿಯುತ್ತದೆ. ಆಗ ಅದು ನೆಲದ ಮೇಲೆ ಜಾರಿದ ಹಾಗೆ ನಡುಗುತ್ತದೆ. ರೋಜರ್ ರಾಬಿಟ್‌ನಲ್ಲಿ ಕ್ಯಾಮೆರಾ ಎಲ್ಲೆಂದರಲ್ಲಿ ಓಡಾಡುತ್ತದೆ, ಅದಕ್ಕೇ ಅವರು ಫ್ರೇಮಿಗೊಂದು ಚಿತ್ರ ಬಿಡಿಸಬೇಕಾಯಿತು. ಮೊದಲ ಸಲಕ್ಕೆ ಕ್ಯಾಮೆರಾವನ್ನು ಕಟ್ಟಿಹಾಕಿ.

ಶೂಟಿಂಗ್

ಟ್ರೈಪಾಡ್ ಇಲ್ಲದಿದ್ದರೆ ಒಂದು ಬಟ್ಟೆ ಚೀಲಕ್ಕೆ ಎರಡು ಕೆಜಿ ಅಕ್ಕಿ ತುಂಬಿ, ಸ್ಟೂಲಿನ ಮೇಲಿಟ್ಟು, ಫೋನನ್ನು ಅದರಲ್ಲಿ ಹುದುಗಿಸಿ. ಅಕ್ಕಿ ಫೋನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕ್ಯಾಮೆರಾ ನೆಲಮಟ್ಟಕ್ಕೆ ಹತ್ತಿರ ಇರಲಿ, ಅಳಿಲಿಗೆ ಮರ್ಯಾದೆ ಬರುತ್ತದೆ. ರೆಕಾರ್ಡ್ ಒತ್ತುವಾಗ ಅಲ್ಲಾಡುವುದರಿಂದ ಮೊದಲ ಎರಡು ಸೆಕೆಂಡ್ ಕತ್ತರಿಸಿ ಹಾಕಿ.

ಸ್ಕ್ರೀನನ್ನು ಒತ್ತಿ ಹಿಡಿದು ಫೋಕಸ್ಸೂ ಬೆಳಕೂ ಲಾಕ್ ಮಾಡಿ. ಇದನ್ನು ಮಾಡದೆ ನಾವು ಮೊದಲ ದಿನದ ಶಾಟ್ ಪೂರ್ತಿ ಕಳೆದುಕೊಂಡೆವು. ನಡುವೆ ಮೋಡ ಬಂತು, ಫೋನು ತಾನಾಗಿಯೇ ಬೆಳಕು ಏರಿಸಿತು, ಕೆಂಪು ನೆಲ ಗುಲಾಬಿ ಬಣ್ಣಕ್ಕೆ ತಿರುಗಿತು. ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಮಿಣುಕು ಬರುವ ಅಪಾಯ ಇದೆ. ಜಗಲಿಯಂಥ, ನೇರ ಬಿಸಿಲು ಬೀಳದ ಬೆಳಕೇ ಒಳ್ಳೆಯದು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ದಿನ ಆದಮೇಲೆ ನೆನಪಿರುವುದಿಲ್ಲ.

ಈಗ ಕಣ್ಣಿನ ವಿಷಯ. ಇದೇ ಎಲ್ಲದರ ಬುಡ.

ಮಕ್ಕಳಿಗೆ “ಅಲ್ಲಿ ಅಳಿಲು ಇದೆ, ನೋಡು” ಅಂದರೆ ನೆಲ ನೋಡುತ್ತಾರೆ. ಅಳಿಲು ನೆಲದ ಮೇಲಿದೆ, ನಿಜ. ಆದರೆ ನಾವು ನೋಡುವುದು ಅದರ ಮುಖವನ್ನು, ಅಲ್ವಾ? ಮುಖ ನೆಲದಿಂದ ನಾಲ್ಕೈದು ಇಂಚು ಮೇಲಿರುತ್ತದೆ. ಅಷ್ಟು ವ್ಯತ್ಯಾಸ ಸಾಕು, ಚಿನ್ನಿ ಅಳಿಲಿನ ಹೊಟ್ಟೆಯೊಳಗಿಂದ ನೆಲವನ್ನು ನೋಡಿದ ಹಾಗೆ ಕಾಣುತ್ತದೆ. ನಾನು ಒಂದು ಪೊರಕೆಕಡ್ಡಿಗೆ ನಿಂಬೆಕಾಯಿ ಚುಚ್ಚಿದೆ. ಅದನ್ನು ಕಂಬದಿಂದ ಚಿನ್ನಿಯ ಕೈವರೆಗೆ, ಅಳಿಲು ಬರುವ ದಾರಿಯಲ್ಲೇ, ಅಳಿಲಿನ ವೇಗದಲ್ಲೇ ನಡೆಸಿದೆ. ಓಡಿ, ನಿಂತು, ಓಡಿ, ನಿಂತು. ಅವಳು ಅದನ್ನೇ ನೋಡುತ್ತಾ ಐದಾರು ಸಲ ಅಭ್ಯಾಸ ಮಾಡಿದಳು. ಆಮೇಲೆ ನಿಂಬೆಕಾಯಿ ತೆಗೆದು ಶೂಟ್ ಮಾಡಿದೆವು. ನಾನು ಪಕ್ಕದಲ್ಲಿ ಕೂತು “ಕಂಬ... ಓಡ್ತು... ನಿಂತ್ತು... ಮೂಸ್ತಿದೆ... ತಗೊಳ್ತು!” ಅಂತ ಜೋರಾಗಿ ಹೇಳುತ್ತಿದ್ದೆ. ಸದ್ದನ್ನು ಹೇಗೂ ಬೇರೆ ಸೇರಿಸುವುದಿದೆ, ಹಾಗಾಗಿ ಎಷ್ಟು ಬೇಕಾದರೂ ಕೂಗಬಹುದು.

ರೋಜರ್ ರಾಬಿಟ್‌ನಲ್ಲೂ ಮಾಡಿದ್ದು ಇದನ್ನೇ. ಮೊಲದ ಅಳತೆಯ ರಬ್ಬರ್ ಗೊಂಬೆ ಇಟ್ಟು ಅಭ್ಯಾಸ ಮಾಡುತ್ತಿದ್ದರು. ಮೊಲಕ್ಕೆ ದನಿ ಕೊಟ್ಟ ಚಾರ್ಲ್ಸ್ ಫ್ಲೈಷರ್ ಮೊಲದ ವೇಷ ಹಾಕಿಕೊಂಡೇ ಕ್ಯಾಮೆರಾದ ಆಚೆ ನಿಂತು ಮಾತು ಹೇಳುತ್ತಿದ್ದರು. ಎಡ್ಡಿಯ ಪಾತ್ರ ಮಾಡಿದ ಬಾಬ್ ಹಾಸ್ಕಿನ್ಸ್ ತಮ್ಮ ಪುಟ್ಟ ಮಗಳು ಇಲ್ಲದ ಗೆಳೆಯರ ಜೊತೆ ಆಡುವುದನ್ನು ನೋಡಿ ಕಲಿತರಂತೆ. ಚಿನ್ನಿಯನ್ನು ನೋಡಿದ ಮೇಲೆ ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ನಿಲ್ಲಿಸಿ. ಇಲ್ಲದ್ದನ್ನು ನೋಡುವುದು ಅವರಿಗೆ ಕಷ್ಟವೇ ಅಲ್ಲ.

ಅಳತೆಗೆ ಒಂದು ಸ್ಟೀಲ್ ಲೋಟ ಇಟ್ಟು ಒಂದು ಶಾಟ್ ತೆಗೆದುಕೊಳ್ಳಿ. ಅಳಿಲು ಎದ್ದು ಕೂತಾಗ ಲೋಟದಷ್ಟು ಎತ್ತರ ಅಂತ ನಾನು ಗೊತ್ತು ಮಾಡಿಕೊಂಡೆ. ಆಮೇಲೆ ಲೋಟ ತೆಗೆದುಬಿಡಿ. ಅದು ಹೊಳೆಯುತ್ತದೆ, ಅದರಲ್ಲೂ ಅಳಿಲಿನ ಬಿಂಬ ಬಿಡಿಸಬೇಕಾಗುತ್ತದೆ. ಯಾರೂ ಇಲ್ಲದ ಖಾಲಿ ಜಗಲಿಯ ಶಾಟ್ ಕೂಡ ಹತ್ತು ಸೆಕೆಂಡ್ ತೆಗೆದಿಡಿ. ಏನಾದರೂ ಅಳಿಸಬೇಕಾದರೆ ಅದೇ ಕೈಹಿಡಿಯುವುದು.

ಇನ್ನು ಕಡಲೆಕಾಯಿ. ಮೊದಲು ದಾರ ಕಟ್ಟಿ ನೋಡಿದೆವು. ಅಕ್ಕ ಕಂಬದ ಹಿಂದೆ ಕೂತು ಎಳೆದಳು, ಕಾಯಿ ಚಿನ್ನಿಯ ಬೆರಳಿಂದ ಕಳಚಿ ನೆಲದ ಮೇಲೆ ಹೋಯಿತು. ರೋಜರ್ ರಾಬಿಟ್‌ನಲ್ಲಿ ಚಿತ್ರದ ಪಾತ್ರಗಳು ಹಿಡಿಯುವ ಪಿಸ್ತೂಲು, ತಟ್ಟೆ, ಲೋಟ ಎಷ್ಟೋ ಕಡೆ ನಿಜವಾದವೇ. ತಂತಿ, ಯಂತ್ರದ ಕೈಗಳಿಂದ ಅವನ್ನು ಆಡಿಸಿ, ಅವುಗಳ ಮೇಲೆ ಪಾತ್ರಗಳನ್ನು ಬಿಡಿಸಿದ್ದರು. ನಮ್ಮ ದಾರ ಮಾತ್ರ ಬೆಳಕಿಗೆ ಮಿಂಚುತ್ತಿತ್ತು. ಕಾಯಿ ಹೋಗುವ ರೀತಿಯೂ ಅಳಿಲಿನದಾಗಿರಲಿಲ್ಲ, ಮೀನಿನ ಗಾಳ ಎಳೆದ ಹಾಗಿತ್ತು.

ಆಗ ಗರ್ಟಿಯ ಸೇಬು ನೆನಪಾಯಿತು. ಚಿನ್ನಿ ಕಾಯಿಯನ್ನು ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಹಿಡಿದು ಚಾಚುತ್ತಾಳೆ. ನಾನು “ತಗೊಳ್ತು” ಅಂದ ಕೂಡಲೇ ಹೆಬ್ಬೆರಳಿನಿಂದ ಅದನ್ನು ಅಂಗೈಯೊಳಕ್ಕೆ ತಳ್ಳಿ, ಬೆರಳುಗಳನ್ನು ತಟ್ಟನೆ ಬಿಚ್ಚಿದ ಹಾಗೆ ಮಾಡುತ್ತಾಳೆ. ಕಾಯಿ ಅಂಗೈಯ ಬುಡದಲ್ಲಿ, ಕ್ಯಾಮೆರಾಕ್ಕೆ ಕಾಣದ ಕಡೆ ಇರುತ್ತದೆ. ಆ ಎರಡು ಮೂರು ಫ್ರೇಮಿನಲ್ಲಿ ಅಳಿಲಿನ ತಲೆ ಅವಳ ಹೆಬ್ಬೆರಳನ್ನೂ ಕಾಯಿಯನ್ನೂ ಮುಚ್ಚುತ್ತದೆ. ತಲೆ ಹಿಂದಕ್ಕೆ ಬಂದಾಗ ಬಾಯಲ್ಲಿ ಬಿಡಿಸಿದ ಕಾಯಿ ಇರುತ್ತದೆ. ಇನ್ನೂ ಒಂದು: ಕಿತ್ತುಕೊಂಡಾಗ ಕೈ ಒಂದಿಷ್ಟು ಮುಂದಕ್ಕೆ ಸೆಳೆದು ಹಿಂದಕ್ಕೆ ಬರಬೇಕು. ಆ ಸಣ್ಣ ಸೆಳೆತದಿಂದ ಅಳಿಲಿಗೆ ತೂಕ ಬಂತು. ಚಿನ್ನಿ ಇದನ್ನು ಹದಿನಾಲ್ಕನೇ ಟೇಕ್‌ನಲ್ಲಿ ಮಾಡಿದಳು.

ಇಷ್ಟು ಮಾಡುವುದಕ್ಕೆ ಮನೆಯ ಮಕ್ಕಳಿಗೆ ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. 1940ರಲ್ಲಿ ವಾರ್ನರ್ ಸ್ಟುಡಿಯೋದ ನಿರ್ದೇಶಕ ಫ್ರಿಜ್ ಫ್ರೆಲೆಂಗ್ ಪೋರ್ಕಿ ಎಂಬ ಕಾರ್ಟೂನ್ ಹಂದಿಮರಿಯನ್ನು ನಿಜವಾದ ಸ್ಟುಡಿಯೋದೊಳಗೆ ಓಡಾಡಿಸಿದರು. ಖರ್ಚು ಉಳಿಸಲು ಎಷ್ಟೋ ಕಡೆ ಹಿಂದೆ ಇಟ್ಟದ್ದು ದೊಡ್ಡದಾಗಿ ಪ್ರಿಂಟ್ ಹಾಕಿದ ಫೋಟೋ ಅಷ್ಟೇ. ನೀವೂ ಅಡುಗೆಮನೆ ಕಟ್ಟೆಯ ಒಂದು ಫೋಟೋ ತೆಗೆದು ಅದರ ಮೇಲೆ ಅಳಿಲು ಓಡಿಸಬಹುದು. ಮನುಷ್ಯರಿಲ್ಲ, ಆದರೂ ಚೆನ್ನಾಗಿಯೇ ಇರುತ್ತದೆ.

ಬಿಡಿಸುವುದು

ನಾನು ಬಳಸಿದ್ದು ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಉಚಿತ. ವಿಡಿಯೋವನ್ನು ನೇರವಾಗಿ ಫ್ರೇಮುಗಳಾಗಿ ಒಳಗೆ ತರುವ ಸೌಲಭ್ಯ ಅದರಲ್ಲಿದೆ. ವಿಡಿಯೋವನ್ನು ಮೊದಲು 720ಪಿ ಎಂಬ ಸಣ್ಣ ಅಳತೆಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಹಳೆ ಲ್ಯಾಪ್‌ಟಾಪ್ ಒದ್ದಾಡುತ್ತದೆ. ಬ್ಲೆಂಡರ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೂ ಆಗುತ್ತದೆ, ಕಲಿಯಲು ಹೆಚ್ಚು ದಿನ ಬೇಕು.

ಮೊದಲು ಒರಟು ಗೆರೆಯಲ್ಲಿ ಮುಖ್ಯ ಭಂಗಿಗಳನ್ನಷ್ಟೇ ಬಿಡಿಸಿ. ಇಣುಕುವುದು, ನಿಲ್ಲುವುದು, ಮೂಸುವುದು, ಕಸಿಯುವುದು, ಹತ್ತುವುದು. ಓಡಿಸಿ ನೋಡಿ. ಆಮೇಲೆ ನಡುವಿನವು. ನಮ್ಮ ಅಂಗಳದ ಅಳಿಲುಗಳನ್ನು ಎರಡು ಬೆಳಗ್ಗೆ ಕೂತು ನೋಡಿದೆ. ಅವು ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ಅರೆಕ್ಷಣ ಬಾಣದ ಹಾಗೆ ಬಂದು, ಕಲ್ಲಿನ ಹಾಗೆ ನಿಂತು, ಬಾಲವನ್ನಷ್ಟೇ ಝಾಡಿಸುತ್ತವೆ. ಓಟಕ್ಕೆ ಎಂಟು ಫ್ರೇಮ್ ಇಟ್ಟರೆ ನಿಲ್ಲುವುದಕ್ಕೆ ಹದಿನಾರು ಇಡಿ.

ಬೆನ್ನಿನ ಮೂರು ಗೆರೆ ತುಂಬಾ ಕಾಡಿತು. ಪ್ರತಿ ಚಿತ್ರದಲ್ಲೂ ಕೂದಲೆಳೆಯಷ್ಟು ಜಾಗ ತಪ್ಪಿದರೂ ಓಡಿಸಿದಾಗ ಗೆರೆಗಳು ಹುಳುವಿನ ಹಾಗೆ ಹರಿದಾಡುತ್ತವೆ. ಗೆರೆ ಬೇಡ ಅಂದೆ. ಚಿನ್ನಿ ಒಪ್ಪಲಿಲ್ಲ. “ರಾಮ ಎಳೆದಿದ್ದು ಚಿಕ್ಕಮ್ಮಾ, ಅದಿಲ್ಲದಿದ್ರೆ ಅಳಿಲೇ ಅಲ್ಲ” ಅಂದಳು. ಕೊನೆಗೆ ಗೆರೆಗಳನ್ನು ಬೇರೆ ಲೇಯರಿನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು), ಎಲ್ಲ ಮುಗಿದ ಮೇಲೆ, ಹಿಂದಿನ ಚಿತ್ರ ಮಸುಕಾಗಿ ಕಾಣುವ ಹಾಗೆ ಆನಿಯನ್ ಸ್ಕಿನ್ ಹಾಕಿಕೊಂಡು ಒಂದೇ ಸಲಕ್ಕೆ ಬಿಡಿಸಿದೆ. ನಿಂತಿತು.

ಬಣ್ಣ ತುಂಬುವಾಗ ಅಚ್ಚ ಕಪ್ಪು, ಅಚ್ಚ ಬಿಳಿ ಮುಟ್ಟಬೇಡಿ. ವಿಡಿಯೋದಲ್ಲಿ ಅತಿ ಕಪ್ಪಗಿರುವ ಜಾಗದಿಂದಲೇ ಬಣ್ಣ ಎತ್ತಿಕೊಂಡು ಅದರಿಂದ ಗೆರೆ ಎಳೆಯಿರಿ. ನಮ್ಮಲ್ಲಿ ಅದು ಕಂಬದ ಬುಡದ ಕಂದು. ಇದೊಂದರಿಂದಲೇ ಅರ್ಧ ಕೆಲಸ ಆಯಿತು.

ಆಮೇಲೆ ಬೆರಳು. ಕಸಿಯುವ ಹೊತ್ತಿಗೆ ಅಳಿಲಿನ ಮೂತಿ ಹೆಬ್ಬೆರಳಿನ ಮುಂದೆ, ತೋರುಬೆರಳಿನ ಹಿಂದೆ ಇರಬೇಕು. ತೋರುಬೆರಳು ಇರುವ ಜಾಗದಲ್ಲಿ ಅಳಿಲನ್ನು ಅಳಿಸಿಬಿಡಿ, ಕೆಳಗಿನ ವಿಡಿಯೋದ ಬೆರಳು ತಾನಾಗಿ ಮುಂದೆ ಬರುತ್ತದೆ. ಬರೀ ಆರು ಫ್ರೇಮಿನ ಕೆಲಸ, ಆದರೆ ಶಾಟಿನ ಜೀವ ಇಲ್ಲೇ ಇದೆ. ಇಮ್ಮಡಿ ದೊಡ್ಡದು ಮಾಡಿಕೊಂಡು, ಉಗುರಿನ ಅಂಚಿನವರೆಗೂ ಅಳಿಸಿ.

ನೆರಳು ಎರಡು ಥರ. ಪಾದದ ಅಡಿಯಲ್ಲೇ ಕಪ್ಪಗೆ, ತೆಳ್ಳಗೆ ಒಂದು. ಇದು ಅಳಿಲನ್ನು ನೆಲಕ್ಕೆ ಅಂಟಿಸುತ್ತದೆ. ಬೆಳಕಿನ ಎದುರು ಬದಿಗೆ ಅಗಲವಾಗಿ, ಮಸುಕಾಗಿ ಇನ್ನೊಂದು. ಲೇಯರನ್ನು ಮಲ್ಟಿಪ್ಲೈಗೆ (ಕೆಳಗಿನ ಚಿತ್ರವನ್ನು ಮುಚ್ಚದೆ ಕಪ್ಪಾಗಿಸುವ ಆಯ್ಕೆ) ಹಾಕಿ, ಆಗ ನೆಲದ ಬಿರುಕು ನೆರಳಿನೊಳಗೂ ಕಾಣುತ್ತದೆ. ಅಳಿಲು ಜಿಗಿದಾಗ ಪಾದದ ನೆರಳು ಕಳಚಿ ಬೇರೆಯಾಗಬೇಕು.

ನಾನು ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೂ ಅಳಿಲು ತೇಲುತ್ತಿತ್ತು. ಯಾಕೆ ಅಂತ ಎರಡು ದಿನ ಹೊಳೆಯಲಿಲ್ಲ. ಆಮೇಲೆ ಆಂಕರ್ಸ್ ಅವೇ ಚಿತ್ರ ಹಾಕಿಕೊಂಡು ಕೂತೆ. 1945ರದ್ದು, ಜೀನ್ ಕೆಲ್ಲಿ ಜೆರ್ರಿ ಇಲಿಯ ಜೊತೆ ಕುಣಿಯುತ್ತಾರಲ್ಲ, ಅದೇ. ಅಲ್ಲಿನ ನೆಲ ಕನ್ನಡಿಯ ಹಾಗಿದೆ. ಕೆಲ್ಲಿಯ ಕಾಲಿನ ಬಿಂಬ ನೆಲದಲ್ಲಿ ಕಾಣುತ್ತದೆ, ಪಕ್ಕದಲ್ಲಿ ಜೆರ್ರಿಯದ್ದೂ ಕಾಣುತ್ತದೆ. ಆ ಬಿಂಬವನ್ನೂ ಬಿಡಿಸಿದ್ದಾರೆ! ಎದ್ದು ಹೋಗಿ ನಮ್ಮ ಜಗಲಿ ನೋಡಿದೆ. ಐವತ್ತು ವರ್ಷ ಒರೆಸಿ ಒರೆಸಿ ನುಣುಪಾದ ರೆಡ್ ಆಕ್ಸೈಡ್ ನೆಲ. ಚಿನ್ನಿಯ ಹಳದಿ ಲಂಗ ಅದರಲ್ಲಿ ಮಬ್ಬಾಗಿ ಹೊಳೆಯುತ್ತಿದೆ, ಅಳಿಲಿನದ್ದು ಮಾತ್ರ ಏನೂ ಇಲ್ಲ.

ಸರಿ ಮಾಡುವುದು ಕಷ್ಟವಲ್ಲ. ಅಳಿಲಿನ ಲೇಯರಿನ ನಕಲು ತೆಗೆದು ತಲೆಕೆಳಗು ಮಾಡಿ. ಪಾದಕ್ಕೆ ಪಾದ ಕೂಡಿಸಿ. ಮಸುಕು ಮಾಡಿ, 15-20 ಶೇಕಡಾಗೆ ಇಳಿಸಿ. ಬಣ್ಣವನ್ನು ನೆಲದ ಕೆಂಪಿನ ಕಡೆ ತಿರುಗಿಸಿ. ಅಳಿಲು ಕೂತಿತು, ಗಟ್ಟಿಯಾಗಿ.

ಸದ್ದು

ಉಗುರಿನಿಂದ ರಟ್ಟಿನ ಮೇಲೆ ಟಕಟಕ ಬಡಿದರೆ ಅಳಿಲು ಓಡಿದ ಸದ್ದು. ಕಡಲೆಕಾಯಿ ಸಿಪ್ಪೆ ಒಡೆದದ್ದು ನಿಜವಾದದ್ದೇ. ಚಿಕ್ ಚಿಕ್ ಅನ್ನುವುದನ್ನು ಅಂಗಳದ ಮಾವಿನ ಮರದ ಕೆಳಗೆ ಬೆಳಗ್ಗೆ ಏಳಕ್ಕೆ ರೆಕಾರ್ಡ್ ಮಾಡಿದೆ. ಹಿಂದೆ ಜಗಲಿಯ ಖಾಲಿ ಸದ್ದು, ದೂರದ ಬಸ್ಸಿನ ಹಾರನ್ನು ಇರಲಿ. ಅದು ಎರಡೂ ಲೋಕಕ್ಕೆ ಒಂದೇ ಗಾಳಿ ಕೊಡುತ್ತದೆ.

ಮುಗಿದ ಮೇಲೆ, ಏನೂ ಹೇಳದೆ, ಇದನ್ನು ಕಂಡೇ ಇಲ್ಲದ ಒಬ್ಬರಿಗೆ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಎಲ್ಲಿ ಹುಬ್ಬು ಗಂಟು ಹಾಕುತ್ತಾರೆ ನೋಡಿ. ನಾನು ಅಮ್ಮನಿಗೆ ತೋರಿಸಿದೆ. ನಕ್ಕರು, ಮತ್ತೊಮ್ಮೆ ಹಾಕು ಅಂದರು. ಎರಡನೇ ಸಲ ಕೊನೆಗೆ ಬಂದಾಗ ಮುಖ ಮುಂದೆ ತಂದು, “ನೆಲದ ಮೇಲೆ ನೆರಳಿದೆ, ಕಂಬ ಹತ್ತುವಾಗ ಎಲ್ಲಿ ಹೋಯ್ತೇ?” ಅಂದರು. ಹೌದು, ಕಂಬದ ಮೇಲೆ ಬಿಡಿಸಿರಲೇ ಇಲ್ಲ. ಮತ್ತೆ ಲ್ಯಾಪ್‌ಟಾಪ್ ತೆರೆದೆ. ಹನ್ನೊಂದು ಚಿತ್ರ, ಎರಡು ಸಂಜೆ. ಕಂಬ ದುಂಡಗಿರುವುದರಿಂದ ನೆರಳನ್ನು ಸ್ವಲ್ಪ ಬಾಗಿಸಿ ಬಿಡಿಸಬೇಕು.